ಗೋಡೆ ಹತ್ತಿದ ಬೆರಳು

“ಈ ಅಂಗಿಗೆ ತೋಳು ಇಟ್ಟ ಪುಣ್ಯಾತ್ಮ ಯಾರಪ್ಪಾ?”

ಕೇಳಿದವನು ಕ್ಷೌರಿಕ. ಕೇಳಿಸಿಕೊಳ್ಳುವುದಕ್ಕೆ ಕೋಣೆಯಲ್ಲಿ ಇನ್ನೊಂದು ನರಪಿಳ್ಳೆಯೂ ಇರಲಿಲ್ಲ. ಎಡಗೈ ಸುಲಭವಾಗಿ ತೂರಿತ್ತು. ಬಲಗೈ ಮಾತ್ರ ಹಿಂದಕ್ಕೆ ಹೋಗಲೊಲ್ಲದೆ, ಮುನಿಸಿಕೊಂಡ ನೆಂಟನ ಹಾಗೆ ಪಕ್ಕೆಗೆ ಅಂಟಿಕೊಂಡಿತ್ತು. ಕೊನೆಗೆ ಅಂಗಿ ಕಳಚಿ, ಮೊದಲು ನೋಯುವ ಕೈಯನ್ನು ತೂರಿಸಿ, ಆಮೇಲೆ ಒಳ್ಳೆಯದನ್ನು ತೂರಿಸಿದ. ಫಿಸಿಯೋಥೆರಪಿಯ ಹೆಣ್ಣುಮಗಳು ಹೇಳಿಕೊಟ್ಟ ಉಪಾಯ ಅದು. ಬೆಳಗಾದರೆ ಮರೆಯುತ್ತಿದ್ದ, ಅಂಗಿಗೆ ಬೈದ ಮೇಲೆ ನೆನಪಿಸಿಕೊಳ್ಳುತ್ತಿದ್ದ.

ಕೋಣೆ ಇದ್ದದ್ದು ಸಲೂನಿನ ಮೇಲೆ. ಕೆಳಗೆ ಆಗಲೇ ತಮ್ಮನ ಕತ್ತರಿ ಶುರುವಾಗಿತ್ತು. ಇವನ ಕತ್ತರಿಯಾದರೆ ಕೂದಲಿಗೆ ತಾಗದಿದ್ದಾಗಲೂ ಗಾಳಿಯಲ್ಲಿ ತಾಳ ಹಾಕುತ್ತಿತ್ತು. ತಮ್ಮನದು ಕೆಲಸವಿದ್ದಾಗಷ್ಟೇ ಬಾಯಿ ಬಿಡುತ್ತಿತ್ತು. ತಾಳ ಬೀಳಬೇಕಾಗಿದ್ದ ಕಡೆಯೆಲ್ಲ ಬೀಳುವ ಮೌನವನ್ನು ಅವನು ಮೇಲೆ ಕೂತು ಕೇಳುತ್ತಿದ್ದ.

ಭುಜದ ಕೀಲು ದಿನದಿಂದ ದಿನಕ್ಕೆ ಬಿಗಿಯುತ್ತಾ ಬಂದು, ಕೈ ಎತ್ತಿದರೆ ಜೀವ ಬಾಯಿಗೆ ಬರುತ್ತಿದ್ದರೂ ಅವನು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಕತ್ತಿ ಗಿರಾಕಿಯೊಬ್ಬನ ಕಿವಿಯ ಹಿಂದೆ ಜಾರಿತು. ಗಾಯ ಚಿಕ್ಕದೇ. ಆದರೆ ತಮ್ಮ ಅಲ್ಲೇ ಕತ್ತಿಯನ್ನು ಅವನ ಕೈಯಿಂದ ಬಿಡಿಸಿಕೊಂಡ.

“ಕುರ್ಚಿ ನಿಂದೇ ಅಣ್ಣಾ, ನಾನೇನು ಹೊತ್ಕೊಂಡು ಹೋಗಲ್ಲ. ಕೈ ಸರಿಹೋಗಿದೆ ಅಂತ ಆ ಫಿಸಿಯೋ ಅಮ್ಮ ಒಂದು ಮಾತು ಹೇಳ್ಲಿ. ಮಾರನೇ ದಿನ ನೀನೇ ನಿಂತ್ಕೋ.”

ಕತ್ತರಿ ಕೈಬಿಟ್ಟ ಮೇಲೆ ಅವನಿಗೆ ಇನ್ನೊಂದು ವಿಷಯ ತಿಳಿಯಿತು. ಬೀದಿಯ ಗಂಡಸರೆಲ್ಲ ಅವನಿಗೆ ತಲೆ ಕೊಟ್ಟವರೇ. ಯಾರ ನೆತ್ತಿಯಲ್ಲಿ ಎರಡು ಸುಳಿ, ಯಾರ ಕತ್ತಿನ ಹಿಂದೆ ಮಚ್ಚೆ, ಯಾರ ಮನೆಯಲ್ಲಿ ಮುಸುಕಿನ ಗುದ್ದಾಟ, ಎಲ್ಲ ಗೊತ್ತು. ಕುರ್ಚಿಯಲ್ಲಿ ಕೂತು, ಕನ್ನಡಿ ನೋಡುತ್ತಾ ಹೊಟ್ಟೆಯೊಳಗಿದ್ದದ್ದನ್ನೆಲ್ಲ ತೋಡಿಕೊಂಡವರು ಈಗ ಎದುರು ಸಿಕ್ಕರೆ “ಕೈ ಹೇಗಿದೆ?” ಎನ್ನುವರು, ಉತ್ತರಕ್ಕೆ ಕಾಯದೆ ನಡೆಯುವರು. ಮುಖಕ್ಕೆ ಮುಖ ಕೊಟ್ಟು ಮಾತಾಡುವುದು ಅವನಿಗೂ ಬರುತ್ತಿರಲಿಲ್ಲ. ಹೆಂಡತಿ ಬದುಕಿದ್ದಾಗ ಅವಳೊಂದಿಗೂ ಅಷ್ಟೇ. ಅವಳು ಜಡೆ ಹೆಣೆದುಕೊಳ್ಳುವಾಗ ಹಿಂದೆ ನಿಂತರೆ ಮಾತು ತಾನಾಗಿ ಬರುತ್ತಿತ್ತು.

ಚಿಕಿತ್ಸೆಯ ಕೋಣೆಯಲ್ಲಿ ಎಲ್ಲ ತಿರುಗುಮುರುಗು. ಅವನು ಕೂರಬೇಕು, ಆಕೆ ಹಿಂದೆ ನಿಲ್ಲಬೇಕು. ಭುಜಕ್ಕೆ ಶಾಖ ಕೊಟ್ಟು, ಬೆನ್ನ ಮೇಲೆ ಒಂದು ಕೈ ಒತ್ತಿಹಿಡಿದು, ಇನ್ನೊಂದರಿಂದ ಅವನ ತೋಳನ್ನು ಮೆಲ್ಲಗೆ ಎತ್ತುವಳು.

“ಉಸಿರು ಬಿಡಿ ಅಣ್ಣ. ಕೈ ನನಗೆ ಕೊಟ್ಟುಬಿಡಿ.”

“ಕೊಟ್ಟೆ ಡಾಕ್ಟರಮ್ಮ.”

“ಎಲ್ಲಿ ಕೊಟ್ರಿ? ಸಾಲ ಕೊಡೋರ ಹಾಗೆ ಬಿಗಿ ಹಿಡ್ಕೊಂಡಿದೀರಿ. ಡಾಕ್ಟರಮ್ಮ ಅನ್ನಬೇಡಿ ಅಂತ ಎಷ್ಟು ಸಲ ಹೇಳ್ಲಿ? ನಾನು ಫಿಸಿಯೋ.”

“ಫಿಸಿಯೋ ಅಂದ್ರೆ ಬೆಕ್ಕನ್ನ ಕರೆದ ಹಾಗಿರುತ್ತೆ ತಾಯಿ.”

ಆಕೆ ನಕ್ಕಳು. ನಕ್ಕರೂ ಕೈ ಅಲುಗಲಿಲ್ಲ. ಊರ ತಲೆಗಳನ್ನೆಲ್ಲ ಹಿಡಿದವನನ್ನು ಮುಟ್ಟುವ ಕೈ ಈಗ ಅದೊಂದೇ. ನೋವು ಮಿಂಚಿದರೂ ಅವನು ಕಣ್ಣು ಮುಚ್ಚಿ, ದೇವರ ಪದ ಕೇಳುವವನಂತೆ ಕೂರುತ್ತಿದ್ದ.

ಅಂದು ಮಾತ್ರ ಅವನಿಗೆ ಅವಸರ. ಮನೆಯಲ್ಲಿ ಮಾಡಲು ಆಕೆ ಒಂದು ವ್ಯಾಯಾಮ ಕೊಟ್ಟಿದ್ದಳು: ಗೋಡೆಗೆ ಮುಖಮಾಡಿ ನಿಂತು, ಎರಡು ಬೆರಳನ್ನು ಇರುವೆಯಂತೆ ಮೇಲಕ್ಕೆ ಹತ್ತಿಸಿ, ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೆರೆ ಹಾಕುವುದು. ಗೆರೆ ಏರುತ್ತಲೇ ಇತ್ತು. ಈಗ ಕ್ಯಾಲೆಂಡರಿನ ಮೊಳೆಯನ್ನೂ ದಾಟಿತ್ತು. ತಮ್ಮನಿಗೆ ಹೇಳಿದಾಗ ಅವನೂ ಹಿಗ್ಗಿ, “ಹಾಗಾದ್ರೆ ನಾನೇ ಬಂದು ಕೇಳ್ತೀನಿ” ಎಂದು ಜೊತೆಯಲ್ಲೇ ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದ.

“ನೋಡಿ ಅಮ್ಮ,” ಎಂದು ಕ್ಷೌರಿಕ ಅಲ್ಲಿನ ಗೋಡೆಗೆ ಬೆರಳು ಹಚ್ಚಿದ. ಬೆರಳುಗಳು ಹತ್ತಿದವು, ಹತ್ತಿದವು, ಹತ್ತುತ್ತಲೇ ಹೋದವು.

ಆಕೆಯ ಮುಖ ಅರಳಿತು. ಆಮೇಲೆ ಆಕೆ ನೆಲ ನೋಡಿದಳು.

“ಅಣ್ಣ, ಹಿಮ್ಮಡಿ ಯಾಕೆ ಎತ್ತಿದೀರಿ?”

ಅವನೂ ಬಗ್ಗಿ ನೋಡಿದ. ಎರಡೂ ಹಿಮ್ಮಡಿ ನೆಲ ಬಿಟ್ಟಿದ್ದವು. ಎತ್ತರದ ಗಿರಾಕಿ ಬಂದರೆ ಕುರ್ಚಿ ಇಳಿಸುವ ಗೋಜಿಗೆ ಹೋಗದೆ ತುದಿಗಾಲಲ್ಲಿ ನಿಂತೇ ಬಾಚುತ್ತಿದ್ದವನು ಅವನು. ಕೈ ಏರಿದರೆ ಕಾಲೂ ಏರುವುದು ಅವನ ಮೈಗೆ ಎಷ್ಟು ಹತ್ತಿಹೋಗಿತ್ತೆಂದರೆ, ಏರಿದ್ದು ಅವನಿಗೇ ಗೊತ್ತಿರಲಿಲ್ಲ.

ಆಕೆ ಸ್ಟೂಲು ಎಳೆದು ಅವನನ್ನು ಕೂರಿಸಿದಳು. “ಈಗ ಹತ್ತಿಸಿ.”

ಬೆರಳುಗಳು ಗಲ್ಲದ ಮಟ್ಟಕ್ಕೇ ಬಂದು ನಿಂತವು. ಇನ್ನಷ್ಟು ಒತ್ತಿದ, ಹಣೆಯಲ್ಲಿ ಬೆವರೊಡೆಯಿತು, ಬೆರಳು ಮಿಸುಕಲಿಲ್ಲ.

“ಸುಳ್ಳು ಹೇಳಿದ್ದು ನಿಮ್ಮ ಕಾಲು, ನೀವಲ್ಲ,” ಎನ್ನುತ್ತಾ ಆಕೆ ಅವನ ಭುಜದ ಮೇಲೆ ಕೈಯಿಟ್ಟಳು. “ಕೀಲು ಬಿಡ್ತಾ ಇದೆ, ಇಲ್ಲ ಅನ್ನಲ್ಲ. ಆದ್ರೆ ಇನ್ನೂ ತಿಂಗಳುಗಟ್ಟಲೆ ಬೇಕು.”

ಹೊರಗೆ ತಮ್ಮ ಕೆಮ್ಮಿದ. “ಆಯ್ತೇನಣ್ಣಾ?”

ಕ್ಷೌರಿಕ ದನಿ ತಗ್ಗಿಸಿದ. “ಅಮ್ಮ, ಸರಿಯಾಗಿದೆ ಅಂತ ಅವನಿಗೆ ಒಂದು ಮಾತು ಹೇಳಿಬಿಡಿ.”

“ಅಣ್ಣ...”

“ಕತ್ತಿ ಮುಟ್ಟಲ್ಲ. ದೇವರಾಣೆ. ಬರೀ ಕತ್ತರಿ, ಬಾಚಣಿಗೆ.”

“ಕತ್ತರಿಗೂ ತುದಿ ಇದೆ. ಕೈ ನಡುಗಿದ್ರೆ ಕಣ್ಣಿನ ಪಕ್ಕದಲ್ಲೇ ಇರುತ್ತೆ ಅದು.”

“ಕತ್ತರಿಸೋದೂ ಬೇಡಮ್ಮ, ಹಿಂದೆ ನಿಂತ್ಕೊಂಡ್ರೆ ಸಾಕು. ಕುರ್ಚಿ ಹಿಂದೆ ನಿಲ್ಲದೆ ಒಬ್ಬರೂ ನನ್ನ ಜೊತೆ ಮಾತಾಡಲ್ಲ. ಮೇಲೆ ಗೋಡೆ ಜೊತೆ ಎಷ್ಟು ಅಂತ ಮಾತಾಡ್ಲಿ? ಒಂದೇ ಒಂದು ಮಾತು ತಾಯಿ. ನಿಮ್ಮ ಕಾಲಿಗೆ ಬೀಳ್ತೀನಿ.”

ಆಕೆ ಅವನ ಭುಜದಿಂದ ಕೈ ತೆಗೆದಳು.

“ಇಲ್ಲ ಅಣ್ಣ. ಹೇಳಲ್ಲ.”