ಸುನೌಲಿಯ ಕಮಾನಿನಾಚೆ

ಸುನೌಲಿಯ ಲಾಡ್ಜಿನ ಕಿಟಕಿಯಿಂದ ನೋಡಿದರೆ ಒಂದೇ ಬೀದಿ, ನಡುವೆ ಒಂದು ಕಮಾನು. ಈಚೆ ಭಾರತ, ಆಚೆ ನೇಪಾಳ. ಊರಿಗೆ ಎರಡೂ ಕಡೆ ಒಂದೇ ಹೆಸರು, ಒಂದೇ ಧೂಳು. ಬುದ್ಧ ಹುಟ್ಟಿದ ಜಾಗ ನೋಡಲು ಹೋಗುವವರು ಹಿಂದಿನಿಂದಲೂ ತುಳಿದ ದಾರಿಯಂತೆ ಅದು. ಬ್ಯಾಡಗಿಯ ಚೌಡವ್ವನಿಗೆ ಅದಾವುದೂ ಬೇಕಿರಲಿಲ್ಲ. ಕಮಾನು ದಾಟಿ ಬರುವ ಹೆಂಗಸರಲ್ಲಿ ಮಗಳು ಕಾವೇರಿಯನ್ನು ಹುಡುಕುತ್ತ ಬೆಳಗಿನಿಂದ ಕೂತಿದ್ದಳು.

ಕಾವೇರಿ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ವಾಚ್‌ಮನ್ ಆಗಿದ್ದ ನೇಪಾಳದ ಟೇಕಬಹಾದ್ದೂರನನ್ನು ಮದುವೆಯಾಗಿ ಅವನ ಊರು ಸೇರಿದ್ದಳು. ಅವಳ ಅಪ್ಪ ಪರಮೇಶಪ್ಪ ಅಂದಿನಿಂದ ಪೇಟೆಯಲ್ಲಿ ತಲೆಯೆತ್ತಿ ನಡೆದಿರಲಿಲ್ಲ. ಮಗ ಮೈಲೇಶ ಹೇಗೋ ತಂಗಿಯ ನಂಬರು ಹುಡುಕಿ ತೆಗೆದ. ಅಪ್ಪ ಹಾಸಿಗೆ ಹಿಡಿದಿದ್ದಾನೆ, ಉಳಿಯುವುದಿಲ್ಲ, ಕರೆದೊಯ್ಯಲು ನಾವಿಬ್ಬರೂ ಸುನೌಲಿಗೆ ಬರುತ್ತೇವೆ ಎಂದು ಅವ್ವನಿಂದಲೇ ಹೇಳಿಸಿದ. ಊರು ಮುಟ್ಟಿದ ಮೇಲೆ ಅವಳನ್ನು ಮತ್ತೆ ಹೊಸ್ತಿಲು ದಾಟಿ ಹೊರಗೆ ಹೋಗಲು ಬಿಡಬಾರದೆಂದು ಅಪ್ಪ ಮಗ ಮಾತಾಡಿಕೊಂಡಿದ್ದರು. ಚೌಡವ್ವನೂ ಹೂಂ ಅಂದಿದ್ದಳು. ಮಗಳ ಮುಖ ಕಂಡರೆ ಸಾಕಾಗಿತ್ತು ಅವಳಿಗೆ.

ಮಧ್ಯಾಹ್ನ ಕಾವೇರಿ ಬಂದಳು. ಬೆನ್ನಿಗೆ ಕಟ್ಟಿಕೊಂಡ ಕೂಸು. ಕೂಸಿನ ಸುದ್ದಿಯನ್ನು ಫೋನಿನಲ್ಲಿ ಹೇಳಿಯೇ ಇರಲಿಲ್ಲ.

"ಯವ್ವಾ, ಅಪ್ಪ ಹೆಂಗದಾನ?"

ಚೌಡವ್ವ ಬಾಯಿ ತೆರೆಯುವ ಮೊದಲೇ ಮೈಲೇಶ, "ಭಾಳ ದಿನಾ ಇಲ್ಲ ಅಂದಾರ ಡಾಕ್ಟರು. ಲಗೂ ತಯಾರಾಗ್ರಿ, ಜೀಪ್ ತರ್ತೀನಿ" ಎಂದು ಕೆಳಗಿಳಿದು ಹೋದ.

ಕಾವೇರಿ ಅಳುತ್ತಲೇ ಕೂಸಿಗೆ ಹಾಲು ಕುಡಿಸಲು ಕೂತಳು. ಮುಖ ಸೊರಗಿತ್ತು, ಅಂಗೈ ಒಡೆದಿತ್ತು. ಚೌಡವ್ವ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಅಲ್ಲಿ ಸುಖದಿಂದ ಅದೀಯೇನ?"

"ತ್ರಾಸ ಐತಿ. ನೀರು ಹೊತ್ತು ಹೊತ್ತು ಸಾಕಾಗೇತಿ. ನಿನ್ನ ಮುಂದ ಸುಳ್ಳು ಯಾಕ ಹೇಳ್ಲಿ? ಆದ್ರ ಅಂವಾ ನನ್ನ ಚಂದಾಗಿ ನೋಡ್ಕೋತಾನ. ಈಗೂ ಕಮಾನಿನ ಹತ್ರ ನಿಂತಾನ. ಅಣ್ಣಗ ಅಂಜಿ ಈ ಕಡೆ ಬರಲಿಲ್ಲ. ಎಂಟು ದಿನಕ್ಕ ಬರ್ತೀನಂತ ಹೇಳಿ ಬಂದೇನಿ."

ಚೌಡವ್ವ ಕೂಸಿನ ತಲೆ ಸವರಿದಳು. ಸುಮ್ಮನಿದ್ದರೆ ಮಗಳು ಮನೆಗೆ ಬರುತ್ತಾಳೆ, ಈ ಕೈಗಳು ಮೆತ್ತಗಾಗುತ್ತವೆ. ಕೆಳಗೆ ಜೀಪಿನ ಹಾರನ್ ಕೇಳಿಸಿತು. ಕಾವೇರಿ ಕೂಸನ್ನು ಎತ್ತಿಕೊಂಡು ಎದ್ದಳು.

"ಕಾವೇರಿ, ಜೀಪ್ ಹತ್ತಬ್ಯಾಡ" ಎಂದಳು ಚೌಡವ್ವ. "ನಿಮ್ಮಪ್ಪ ಗಟ್ಟಿ ಅದಾನ. ಹತ್ತಿದ್ರ ನಿನ್ನ ತಿರುಗಿ ಕಳಸಾಂಗಿಲ್ಲ."

ಕಾವೇರಿಯ ಅಳು ಅಲ್ಲೇ ನಿಂತಿತು. "ನೀನೂ ಏನ, ಯವ್ವಾ?" ಎಂದಳು, ಅಷ್ಟೇ. ದಡದಡ ಮೆಟ್ಟಿಲಿಳಿದಳು.

ಊರಿಂದ ತಂದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಚೌಡವ್ವ ಹಿಂದೆ ಓಡಿದಳು. ಬೀದಿಯಲ್ಲಿ ಮೈಲೇಶ ತಂಗಿಯ ರಟ್ಟೆ ಹಿಡಿದು ಜಗ್ಗುತ್ತಿದ್ದ. ಕೂಸು ಚೀರುತ್ತಿತ್ತು.

"ಕೈ ಬಿಡೋ! ಹಿಡಿಯೋದಿದ್ರ ನನ್ನ ಹಿಡಿ" ಎಂದು ಚೌಡವ್ವ ನಡುವೆ ನುಗ್ಗಿದಳು. ಜನ ಸೇರಿದರು. ಮೈಲೇಶ ಕೈ ಬಿಟ್ಟ. ಕಾವೇರಿ ತಿರುಗಿಯೂ ನೋಡದೆ ಕಮಾನಿನ ಕೆಳಗೆ ನಡೆದುಹೋದಳು.

ಚೌಡವ್ವನೂ ನಡೆದಳು. ಯಾರೂ ತಡೆಯಲಿಲ್ಲ. ಆಚೆ ಅಂಗಡಿಯ ನೆರಳಲ್ಲಿ ನಿಂತಿದ್ದ ಟೇಕಬಹಾದ್ದೂರ ಓಡಿಬಂದು ಕಾಲು ಮುಟ್ಟಿದ. "ಬರ್ರಿ ಅವ್ವಾರ, ಚಾ ಕುಡದು ಹೋಗ್ರಿ" ಎಂದ, ಬ್ಯಾಡಗಿಯ ಮಾತಿನಲ್ಲೇ. ಕಾವೇರಿ ಬೆನ್ನು ಹಾಕಿ ನಿಂತಿದ್ದಳು. ಚೌಡವ್ವ ಗಂಟನ್ನು ಅಳಿಯನ ಕೈಗಿಟ್ಟು ವಾಪಸು ಬಂದಳು.

ರೈಲಿನಲ್ಲಿ ಮೈಲೇಶ ಅವ್ವನನ್ನು ಬಿಟ್ಟು ಬಾಗಿಲ ಬಳಿ ಹೋಗಿ ಕೂತ. ರಾಣೆಬೆನ್ನೂರು ಸ್ಟೇಷನ್ನಿನಲ್ಲಿ ಪರಮೇಶಪ್ಪ ಕಾಯುತ್ತಿದ್ದ. "ಎಲ್ಲಿ ಅಕಿ?"

"ನಾನ ಕಳಿಸೇನಿ. ಅಕಿಗೆ ಕೂಸು ಐತಿ."

ಪರಮೇಶಪ್ಪ ತಿರುಗಿ ಮುಂದೆ ನಡೆದ. ಮನೆಯಲ್ಲಿ ಮಾತು ನಿಂತಿತು. ಕಾವೇರಿಯೂ ಫೋನು ಎತ್ತಲಿಲ್ಲ. ಬಹಳ ದಿನದ ಮೇಲೆ ಒಮ್ಮೆ ಊಟಕ್ಕೆ ಕೂತಾಗ ಪರಮೇಶಪ್ಪ ತಾಟು ನೋಡುತ್ತಲೇ ಕೇಳಿದ:

"ಕೂಸಿನ ಹೆಸರೇನು?"

ಚೌಡವ್ವ ರೊಟ್ಟಿ ಬಡಿಸುವ ಕೈ ನಿಲ್ಲಿಸಿದಳು. ಅವಳು ಅದನ್ನು ಕೇಳಿಯೇ ಇರಲಿಲ್ಲ.