ಕೆಂಪು ಕಿವಿಯ ಗಿಟಾರು

ನಯನಾಳ ಬೇಸ್ ಗಿಟಾರಿನ ನಾಲ್ಕು ಕಿವಿಗಳನ್ನೂ ತಂತಿಯ ಸದ್ದು ಹಿಡಿಯುವ ಎರಡು ಪಿಕಪ್ಪುಗಳನ್ನೂ ಬಿಚ್ಚಿ ಕೆಂಪರಾಜು ತನ್ನ ತಮ್ಮನ ಮಗನ ಗಿಟಾರಿಗೆ ಹಾಕಿಸಿದ. ಅವಳನ್ನು ಕೇಳಲಿಲ್ಲ.

ಕೆಂಪರಾಜು ರಾಮನಗರದ ಒಂದು ಆರ್ಕೆಸ್ಟ್ರಾದ ಯಜಮಾನ. ಮದುವೆ, ಗಣಪತಿ, ರಾಜ್ಯೋತ್ಸವ, ಸಂಘದ ವಾರ್ಷಿಕೋತ್ಸವ, ಯಾರು ಕರೆದರೂ ವ್ಯಾನು ಹೊರಡಿಸುವವನು. ನಯನಾ ಅಲ್ಲಿ ನಾಲ್ಕು ವರ್ಷದಿಂದ ಬೇಸ್ ನುಡಿಸುತ್ತಿದ್ದಳು. ಹತ್ತಿರದ ಹಳ್ಳಿ ಕೈಲಾಂಚದವಳು. ವಾರದ ದಿನಗಳಲ್ಲಿ ಐಜೂರಿನ ಒಂದು ವೈಂಡಿಂಗ್ ಅಂಗಡಿಯಲ್ಲಿ ಕೂತು ಸುಟ್ಟ ಪಂಪ್‌ಸೆಟ್ಟುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದಳು. ಗಂಡಸರ ಅಂಗಡಿ, ಗಂಡಸರ ವಾದ್ಯ, ಅಂತ ಎರಡು ಕಡೆಯೂ ಹೇಳಿದವರಿದ್ದರು. ಎರಡು ಕಡೆಯೂ ಅವಳು ತನ್ನ ಕೆಲಸ ಮಾಡಿದ್ದಳು.

ಮಾಗಡಿಯ ಕಾರ್ಯಕ್ರಮ ಮುಗಿದ ಮೇಲೆ ವಾದ್ಯಗಳೆಲ್ಲ ಎಂದಿನಂತೆ ವ್ಯಾನಿನಲ್ಲೇ ಉಳಿದು ಆಫೀಸು ಸೇರಿದ್ದವು. ಮೂರು ದಿನ ಬಿಟ್ಟು ನಯನಾ ಹೋಗಿ ಚೀಲದ ಜಿಪ್ಪು ಎಳೆದಳು. ಗಿಟಾರಿನ ತಲೆಯಲ್ಲಿ ನಾಲ್ಕು ತೂತು. ಹೊಟ್ಟೆಯಲ್ಲಿ ಎರಡು ಹಳ್ಳ. ತಂತಿಗಳನ್ನು ಸುರುಳಿ ಸುತ್ತಿ ಪಕ್ಕದ ಜೇಬಿನಲ್ಲಿ ಇಟ್ಟಿದ್ದರು. ಅಷ್ಟು ಮರ್ಯಾದೆ ಇತ್ತು.

"ಇದೇನಣ್ಣ?"

ಕೆಂಪರಾಜು ಮೊಬೈಲಿನಿಂದ ತಲೆ ಎತ್ತಲಿಲ್ಲ. "ನಮ್ಮ ಮನು ಬೇಸ್ ಕಲ್ತವ್ನೆ ಕಣಮ್ಮಿ. ಅವನ ಗಿಟಾರಿಗೆ ಒಳ್ಳೆ ಪಾರ್ಟ್ಸ್ ಬೇಕಾಗಿತ್ತು. ನಿನ್ ತಾವ ಹಳೇವು ಅವೆಯಲ್ಲ, ಅವನ್ನೇ ಹಾಕ್ಕೊ."

"ಅವು ನನ್ನವು."

"ನಿನ್ನವು ಅಂತ ಬರೆದಿತ್ತಾ? ನನ್ನ ವ್ಯಾನಲ್ಲಿದ್ವು, ನನ್ನ ಆಫೀಸಲ್ಲಿದ್ವು. ನೀನು ಕೋರಸ್‌ಗೆ ನಿಂತ್ಕೊ. ಹೆಣ್ಮಕ್ಕಳು ಮೈಕ್ ಮುಂದೆ ನಿಂತ್ರೆ ನೋಡೋಕೂ ಚೆಂದ."

ನಯನಾ ಚೀಲದ ಜಿಪ್ಪು ಮುಚ್ಚಿದಳು. ಕೆಂಪರಾಜುವಿಗೆ ಆಗ ಒಸಿ ದೊಡ್ಡತನ ಬಂತು. "ಸರಿ, ಜಗಳ ಬ್ಯಾಡ. ಇಪ್ಪತ್ತನೇ ತಾರೀಕು ಕನಕಪುರದಲ್ಲಿ ಪ್ರೋಗ್ರಾಮ್ ಐತೆ. ಅವತ್ತು ಯಾರ ಗಿಟಾರು ನೆಟ್ಟಗೆ ನುಡೀತದೋ ಅವರು ಬೇಸ್‌ಗೆ ನಿಂತ್ಕೊಳ್ರಿ. ಮುಂದಕ್ಕೂ ಅವರೇ. ನ್ಯಾಯ ತಾನೆ?"

ಕಸಿದುಕೊಂಡವನೇ ನ್ಯಾಯದ ತಕ್ಕಡಿ ಹಿಡಿಯುವುದು ಈ ಸೀಮೆಗೆ ಹೊಸದಲ್ಲ. ನಯನಾ "ಆಯ್ತಣ್ಣ" ಅಂದಳು. ಇಪ್ಪತ್ತನೇ ತಾರೀಕಿಗೆ ಹದಿನೆಂಟು ದಿನ ಇತ್ತು.

ಅವಳು ಕೊಂಡಿದ್ದ ಗಿಟಾರು ಅಂಗಡಿಯಲ್ಲಿದ್ದ ಬೇಸ್‌ಗಳಲ್ಲೆಲ್ಲ ಅಗ್ಗದ್ದು. ಅಗ್ಗದ ಗಿಟಾರಿನಲ್ಲಿ ಮರ ಹೇಗೋ ಬಾಳುತ್ತದೆ, ಮೊದಲು ಕೈಕೊಡುವುದು ಕಿವಿ. ಕಿವಿ ಅಂದರೆ ತಲೆಯ ಮೇಲಿರುವ ತಂತಿ ಬಿಗಿಯುವ ತಿರುಪು. ಬೇಸ್‌ನ ತಂತಿ ಬೆರಳುಗಾತ್ರದ ಹಗ್ಗದ ಹಾಗೆ ಎಳೆಯುತ್ತದೆ. ಎರಡನೇ ವರ್ಷಕ್ಕೆ ಕಿವಿಗಳ ಹಲ್ಲು ಸವೆದು, ಪಲ್ಲವಿಯಲ್ಲಿದ್ದ ಶ್ರುತಿ ಚರಣಕ್ಕೆ ಬರುವಷ್ಟರಲ್ಲಿ ಇಳಿಯುತ್ತಿತ್ತು. ಒಳ್ಳೆಯ ಕಿವಿ ಹುಡುಕಿಕೊಂಡು ಅವಳು ಬೆಂಗಳೂರಿನ ಅಂಗಡಿಗಳನ್ನೆಲ್ಲ ಸುತ್ತಿದ್ದಳು. ಸಿಕ್ಕ ಕಿವಿಗಳಲ್ಲಿ ತಂತಿ ಸುತ್ತುವ ಕಂಬ ಸಣ್ಣ, ಅದು ಕೂರಬೇಕಾದ ಗಿಟಾರಿನ ತೂತು ದೊಡ್ಡದು. "ಇದು ಅದಕ್ಕೆ ಕೂರಲ್ಲ ಮೇಡಂ, ಹೊಸ ಗಿಟಾರೇ ತಗೊಂಡ್ಬಿಡಿ" ಅಂದಿದ್ದ ಅಂಗಡಿಯವನು. ತೂತಿಗೂ ಕಂಬಕ್ಕೂ ನಡುವೆ ಕೂರುವ ಒಂದು ಬಳೆ ಇದ್ದರೆ ಸಾಕಿತ್ತು. ಆ ಬಳೆ ಹೊರದೇಶದಿಂದ ಬರಬೇಕು ಅಂದರು. ಆದರೂ ಅವಳು ಆ ಕಿವಿಗಳನ್ನೂ, ಜೊತೆಗೆ ಎರಡು ಒಳ್ಳೆಯ ಪಿಕಪ್ಪುಗಳನ್ನೂ ಕೊಂಡು ತಂದಿದ್ದಳು.

ಚನ್ನಪಟ್ಟಣ ರಾಮನಗರದಿಂದ ಅರ್ಧ ಗಂಟೆಯ ದಾರಿ. ಅಲ್ಲಿ ಸಾಬಿರಾ ಇದ್ದಳು. ಐವತ್ತು ದಾಟಿದ ಹೆಂಗಸು, ಮೂವತ್ತು ವರ್ಷದಿಂದ ಲೇತ್‌ನ ಮುಂದೆ ಕೂತು ಆಟದ ಸಾಮಾನು ಕಡೆಯುವವಳು. ಅವಳ ಲೇತ್‌ನ ಮೋಟಾರು ಸುಟ್ಟಾಗ ವೈಂಡಿಂಗ್ ಮಾಡಿಕೊಟ್ಟವಳು ನಯನಾ. ಪರಿಚಯ ಅಷ್ಟರದ್ದು.

ಸಾಬಿರಾ ಆಗ ತೂತಿಗೆ ಕಿರುಬೆರಳು ಹಾಕಿ ತಿರುಗಿಸಿ, ಕಂಬವನ್ನು ಎರಡು ಬೆರಳಲ್ಲಿ ಉರುಳಿಸಿ ನೋಡಿ, ಸ್ಕೇಲು ಮುಟ್ಟದೆ ನಾಲ್ಕು ಬಳೆ ಕಡೆದುಕೊಟ್ಟಿದ್ದಳು. ನೋಡಲು ಚೆಂದವಾಗಿದ್ದವು. ತಂತಿ ಬಿಗಿದ ಕೂಡಲೇ ನಾಲ್ಕೂ ಕಿವಿಗಳು ಒಳಗೇ ಆಡಿದವು.

"ಲೂಸ್ ಆಯ್ತಲ್ಲ ಸಾಬಿರಕ್ಕ."

"ಲೂಸ್ ಬಿಡ್ಲೇಬೇಕಲ್ಲಮ್ಮ" ಅಂದಳು ಸಾಬಿರಾ. ಆಮೇಲೆ ಅರ್ಧಕ್ಕೆ ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಮೂವತ್ತು ವರ್ಷ ಅವಳು ಕಡೆದದ್ದು ಆಟದ ಬಂಡಿಯ ಚಕ್ರ. ಚಕ್ರ ಅಂದಮೇಲೆ ತಿರುಗಬೇಕು. ಅಚ್ಚಿಗೂ ತೂತಿಗೂ ನಡುವೆ ಕೂದಲೆಳೆ ಜಾಗ ಬಿಡುವುದು ಅವಳ ಕೈಗೇ ಅಂಟಿಹೋಗಿತ್ತು. ತಿರುಗಲೇಬಾರದ ಬಳೆಯನ್ನು ಅವಳು ಹುಟ್ಟಿದಾಗಿನಿಂದ ಕಡೆದಿರಲಿಲ್ಲ. "ನನ್ನ ಕೈ ಕೇಳಲ್ಲ ಕಣಮ್ಮ. ಅದಕ್ಕೆ ಅರಗಿಂದ ಬುದ್ಧಿ ಹೇಳ್ಬೇಕು."

ಎರಡನೇ ಸಲ ಅವಳು ಆಟದ ಸಾಮಾನಿನ ಆಲೆ ಮರ ಬಿಟ್ಟು ಬೀಟೆಯ ತುಂಡು ಹಿಡಿದಳು. ಲೇತ್‌ನಲ್ಲಿ ತಿರುಗುವ ಬಳೆಗೆ ಅರಗಿನ ಕಡ್ಡಿ ಒತ್ತಿ, ಆ ಬಿಸಿಯಲ್ಲೇ ಅರಗು ಕರಗಿ ಹತ್ತಿಕೊಳ್ಳುತ್ತಿದ್ದಂತೆ ಗಿಟಾರಿನ ತೂತಿಗೆ ಬಡಿದು ಕೂರಿಸಿದಳು. ಅಂಚಿಗೆ ಗಿಟಾರಿನ ತಲೆಯದೇ ಕಪ್ಪು ಬಣ್ಣದ ಅರಗು ಹಚ್ಚಿ ತಾಳೆಗರಿಯಲ್ಲಿ ಉಜ್ಜಿದಳು. ಅರಗು ಆರಿತು. ಎಲ್ಲಿ ಗಿಟಾರು ಮುಗಿಯಿತು, ಎಲ್ಲಿ ಬಳೆ ಶುರುವಾಯಿತು ಅನ್ನುವುದು ನಯನಾಳಿಗೇ ಕಾಣಲಿಲ್ಲ. ಅಲ್ಲಿಂದ ಎರಡು ವರ್ಷ ಶ್ರುತಿ ಇಳಿಯಲಿಲ್ಲ.

ಕೆಂಪರಾಜು ಕಿವಿ ಬಿಚ್ಚಿಸಿದಾಗ ಬಳೆಗಳು ಅಲ್ಲೇ ಉಳಿದವು. ಇದೆಯೆಂದು ಗೊತ್ತಿಲ್ಲದ್ದನ್ನು ಯಾರೂ ಕದಿಯಲಾರರು.

ಹೀಗಾಗಿ ಹಳೆಯ ಕಿವಿ ಹಾಕಿಕೊಳ್ಳುವ ಮಾತೇ ಇರಲಿಲ್ಲ. ಅವುಗಳ ಹಲ್ಲು ಸವೆದಿತ್ತು, ಮೇಲಾಗಿ ಅವುಗಳ ದಪ್ಪ ಕಂಬ ಈಗ ತೂತಿಗೆ ಹೋಗುತ್ತಿರಲಿಲ್ಲ. ಹಳೆಯ ಪಿಕಪ್ಪುಗಳು ಮಾತ್ರ ಜೀವಂತವಿದ್ದವು, ಗುಂಯ್ ಅನ್ನುತ್ತಿದ್ದವು ಅಷ್ಟೆ. ವೈಂಡಿಂಗ್ ಅಂಗಡಿಯಿಂದ ತಾಮ್ರದ ತೆಳು ಹಾಳೆ ತಂದು ನಯನಾ ಆ ಎರಡು ಹಳ್ಳಗಳಿಗೆ ಒಳಗಿಂದ ಹೊದಿಸಿ, ಅರ್ತಿಂಗ್ ತಂತಿ ಬೆಸೆದು ಹಳೆಯ ಪಿಕಪ್ಪುಗಳನ್ನು ಕೂರಿಸಿದಳು. ಗುಂಯ್ ಸದ್ದು ಬಹುಪಾಲು ಅಡಗಿತು. ಇನ್ನು ಬೇಕಾಗಿದ್ದದ್ದು ಸಣ್ಣ ಕಂಬದ ನಾಲ್ಕು ಕಿವಿ.

ಆನ್‌ಲೈನಿನಲ್ಲಿ ತರಿಸಿದಳು. ಆರನೇ ದಿನ ಬಂತು. ಡಬ್ಬಿಯಲ್ಲಿ ಎರಡು ಎಡಗಿವಿ, ಎರಡು ಬಲಗಿವಿ. ಅವಳ ಗಿಟಾರಿಗೆ ನಾಲ್ಕೂ ಒಂದೇ ಮಗ್ಗುಲಿಗೆ ಬೇಕು. ಚಿತ್ರದಲ್ಲಿ ನಾಲ್ಕೂ ಒಂದೇ ಕಡೆ ಮುಖ ಮಾಡಿ ನಿಂತಿದ್ದವು, ಫೋಟೋಕ್ಕೆ ನಿಂತ ನೆಂಟರ ಹಾಗೆ. ವಾಪಸ್ ಕಳಿಸಿದಳು. ಬೆಂಗಳೂರಿನ ಅಂಗಡಿಯವನಿಗೆ ಫೋನು ಮಾಡಿದಳು. ಆ ಮಾಲು ಬರುವುದು ನಿಂತುಹೋಗಿದೆ, ಹೊಸ ಗಿಟಾರೇ ತಗೊಂಡುಬಿಡಿ ಅಂದ. ಎರಡು ವರ್ಷದಲ್ಲಿ ಅವನ ಸಲಹೆ ಬದಲಾಗಿರಲಿಲ್ಲ.

ಹತ್ತನೇ ದಿನ ಸಾಬಿರಾ ಫೋನು ಮಾಡಿದಳು. "ನಮ್ಮ ಮುಕ್ತಿಯಾರ್ ಗುಜರಿಗೆ ಒಂದು ಮುರ್ದುಹೋದ ಗಿಟಾರ್ ಬಂದೈತೆ. ನಾಲ್ಕು ತಂತೀದು. ಬಂದು ನೋಡು."

ಬಿಡದಿಯ ಹೆದ್ದಾರಿಯಲ್ಲಿ ಮುಚ್ಚಿಹೋದ ಒಂದು ರೆಸ್ಟೋರೆಂಟಿನ ಗೋಡೆಯಲ್ಲಿ ಅಲಂಕಾರಕ್ಕೆ ತೂಗುಹಾಕಿದ್ದ ಬೇಸ್ ಅದು. ಕತ್ತು ಮುರಿದಿತ್ತು. ಯಾರೂ ನುಡಿಸದ ಕಾರಣ ಕಿವಿಗಳು ಹೊಸದಾಗೇ ಇದ್ದವು. ನಯನಾ ಒಂದನ್ನು ಬಿಚ್ಚಿ, ಅಳತೆಗೆಂದು ಜೇಬಿನಲ್ಲಿ ತಂದಿದ್ದ ಡ್ರಿಲ್ ಬಿಟ್ಟಿನ ಪಕ್ಕ ಹಿಡಿದು ನೋಡಿದಳು. ಸಣ್ಣ ಕಂಬ. ನಾಲ್ಕೂ ಒಂದೇ ಮಗ್ಗುಲು.

"ಕಿವಿ ಮಾತ್ರ ಕೊಡಿ ಮುಕ್ತಿಯಾರ್ ಭಾಯ್."

"ಕಿವಿ ಕಿತ್ಕೊಂಡು ಹೋದ್ರೆ ಮಿಕ್ಕಿದ್ದನ್ನ ನಾನೇನು ನುಡಿಸ್ಲಾ?" ಅಂದ ಮುಕ್ತಿಯಾರ್. "ಇಲ್ಲಿ ಎಲ್ಲಾ ತೂಕಕ್ಕೆ. ಸಂಗೀತಕ್ಕೆ ಬೇರೆ ರೇಟಿಲ್ಲ."

"ಆಗ್ಲಿ, ತೂಗಿ."

ತೂಕದ ಯಂತ್ರದ ಮೇಲೆ ಗಿಟಾರನ್ನು ಮಲಗಿಸಿದ. ಎತ್ತುವಾಗ ಒಂದು ಕಿವಿಯ ತಿರುಗಿಸುವ ಹಿಡಿ ಪಟ್ಟನೆ ಮುರಿದು ಕಬ್ಬಿಣದ ರಾಶಿಯೊಳಗೆ ಬಿತ್ತು. ಇಬ್ಬರೂ ಬಹಳ ಹೊತ್ತು ಹುಡುಕಿದರು. ಸಿಗಲಿಲ್ಲ. "ಅಷ್ಟು ತೂಕ ಕಮ್ಮಿ ಹಾಕ್ಕೊತೀನಿ ಬುಡಮ್ಮ" ಅಂದ ಮುಕ್ತಿಯಾರ್.

ಮುರಿದ ಹಿಡಿಯ ಬುಡದಲ್ಲಿ ಕಡ್ಡಿಯಷ್ಟು ಲೋಹ ಉಳಿದಿತ್ತು. ಸಾಬಿರಾ ತನ್ನ ಲೇತ್‌ನ ಮುಂದೆ ಕೂತು ಅದನ್ನು ಕಿರುಬೆರಳಿನಿಂದ ಮುಟ್ಟಿ ನೋಡಿದಳು. ಗಿಲಕಿಯ ಹಿಡಿ ಕಡೆಯುವ ಹಾಗೆ ಆಲೆ ಮರದ ಒಂದು ಪುಟ್ಟ ಬುಗುರಿಯಂಥದನ್ನು ಕಡೆದಳು.

"ಯಾವ ಬಣ್ಣ?"

"ಕಪ್ಪು ಹಚ್ಚಿ ಅಕ್ಕ. ಗೊತ್ತಾಗ್ಬಾರ್ದು."

"ಹೋದ ಸಲ ಗೊತ್ತಾಗ್ದಂಗೆ ಮಾಡ್ದೆ. ಏನಾಯ್ತು? ನಿನ್ನವು ಅಂತ ಬರೆದಿತ್ತಾ ಅಂದ್ನಲ್ಲ ಅವ್ನು." ಸಾಬಿರಾ ಕೆಂಪು ಅರಗಿನ ಕಡ್ಡಿ ತೆಗೆದುಕೊಂಡಳು. "ಈ ಸಲ ಕಾಣ್ಲಿ. ಇದನ್ನ ಯಾರಾನ ಕಿತ್ಕೊಂಡ್ರೆ, ಎಲ್ಲಿಟ್ರೂ ಇದು ನನ್ನ ಕೈಕೆಲಸ ಅಂತ ಹೇಳ್ತೀನಿ."

ಬಿಸಿ ಅರಗಿನಲ್ಲೇ ಹಿಡಿಯನ್ನು ಲೋಹಕ್ಕೆ ಒತ್ತಿ ಕೂರಿಸಿದಳು. ಹಳೆಯ ಬಳೆಗಳೊಳಗೆ ಹೊಸ ಕಿವಿಗಳು ಸದ್ದಿಲ್ಲದೆ ಇಳಿದವು. ಕಪ್ಪು ತಲೆಯ ಮೇಲೆ ಮೂರು ಬೆಳ್ಳಿ ಕಿವಿ, ಒಂದು ಕೆಂಪು ಕಿವಿ. ನಯನಾ ತಂತಿ ಬಿಗಿದು ಒಂದು ವಾರ ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಶ್ರುತಿ ನೋಡಿದಳು. ಕದಲಿರಲಿಲ್ಲ.

ಇಪ್ಪತ್ತನೇ ತಾರೀಕು ಕನಕಪುರದ ಕಲ್ಯಾಣ ಮಂಟಪದಲ್ಲಿ ಒಂದು ಸಂಘದ ವಾರ್ಷಿಕೋತ್ಸವ. ಮಧ್ಯಾಹ್ನ ಮೂರಕ್ಕೆ ಸೌಂಡ್ ಚೆಕ್. ಆರ್ಕೆಸ್ಟ್ರಾದವರು ಬಂದವರೆಲ್ಲ ಮೊದಲು ಕೆಂಪು ಕಿವಿಯನ್ನೇ ನೋಡಿದರು.

"ಇದೇನಮ್ಮಿ, ಗಿಟಾರಿಗೆ ಗಿಲಕಿ ಕಟ್ಕೊಂಡು ಬಂದಿದೀಯಾ?" ಅಂದ ಕೆಂಪರಾಜು. ನಕ್ಕವರು ನಕ್ಕರು. ನಯನಾ ಕೇಬಲ್ ಬಿಚ್ಚುತ್ತ ಕೂತಳು.

ಮನು ಮೊದಲು ನುಡಿಸಿದ. ಇಪ್ಪತ್ತೆರಡರ ಹುಡುಗ, ಕೈ ಕೆಟ್ಟದಲ್ಲ. ಗಿಟಾರು ನಯನಾಳದೇ ಕಂಪನಿಯದು, ಅಷ್ಟೇ ಅಗ್ಗದ್ದು, ತಲೆಯಲ್ಲಿ ಅಷ್ಟೇ ದೊಡ್ಡ ತೂತು. ಹತ್ತು ಸಾಲು ನುಡಿಸುವಷ್ಟರಲ್ಲಿ ದಪ್ಪ ತಂತಿಯ ಶ್ರುತಿ ಜಾರಿತು. ಬಿಗಿದ. ಮತ್ತೆ ಜಾರಿತು. ಕೀಬೋರ್ಡಿನವನು ನಿಲ್ಲಿಸಿ ಕೈಕಟ್ಟಿ ಕೂತ.

"ಏನ್ಲಾ ಅದು?" ಕೆಂಪರಾಜು ಕೇಳಿದ.

"ಕಿವಿ ಒಳಗೇ ಆಡ್ತಾ ಐತೆ ದೊಡ್ಡಪ್ಪ. ಎಷ್ಟು ಬಿಗಿದ್ರೂ ಓರೆ ಆಯ್ತದೆ."

"ಎರಡು ವರ್ಷ ಅವಳದ್ರಲ್ಲಿ ನೆಟ್ಟಗಿತ್ತಲ್ಲ."

"ಅದ್ರಲ್ಲಿ ಇತ್ತು" ಅಂದ ಮನು. ಅವನ ದನಿಯಲ್ಲಿ ಮೋಸವಿರಲಿಲ್ಲ. ಎದ್ದು ಬಂದು ನಯನಾಳ ಗಿಟಾರಿನ ತಲೆಯನ್ನು ಹತ್ತಿರದಿಂದ ನೋಡಿದ. "ಇದಕ್ಕೆ ಒಳಗೆ ಏನೋ ಹಾಕವ್ರೆ. ಏನಕ್ಕ ಅದು?"

"ಬೀಟೆ ಬಳೆ. ಅರಗಲ್ಲಿ ಕೂರ್ಸಿರೋದು."

ಕೆಂಪರಾಜು ಕೈ ನೀಡಿದ. "ಬಿಚ್ಚಿ ಕೊಡು ಅತ್ಲಾಗೆ. ಆಮೇಲೆ ಬೇರೆ ಮಾಡಿಸ್ಕೊ."

"ಬಿಚ್ಚೋಕೆ ಬರಲ್ಲಣ್ಣ. ಒಡೀಬೇಕು. ಒಡೆದ್ರೆ ಯಾರಿಗೂ ಸಿಕ್ಕಲ್ಲ."

ವೇದಿಕೆಯ ಮುಂದೆ ಕುರ್ಚಿ ಹಾಕುವವರು ಕುರ್ಚಿ ಹಾಕುತ್ತಿದ್ದರು. ಸಂಘದ ಅಧ್ಯಕ್ಷರ ಕಡೆಯವನೊಬ್ಬ ಬಂದು, ಐದಕ್ಕೆ ಶುರು ಮಾಡ್ಬೇಕು ಸ್ವಾಮಿ, ಅಂತ ಹೇಳಿ ಹೋದ. ನಯನಾ ಕೇಬಲ್ ಸಿಕ್ಕಿಸಿ ನಾಲ್ಕು ತಂತಿಗಳನ್ನೂ ಒಂದೊಂದಾಗಿ ಮೀಟಿದಳು. ಮಂಟಪದ ಹಿಂದಿನ ಸಾಲಿನವರೆಗೂ ಸದ್ದು ಸಮವಾಗಿ ಹೋಯಿತು. ಕೀಬೋರ್ಡಿನವನು ಕಟ್ಟಿದ ಕೈ ಬಿಚ್ಚಿದ. ಯಾರ ಗಿಟಾರು ನೆಟ್ಟಗೆ ನುಡಿಯುತ್ತದೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಕೆಂಪರಾಜುವಿಗೂ ಕೇಳಿಸಿತ್ತು. ಅವನು ಟವೆಲಿನಿಂದ ಕತ್ತು ಒರೆಸಿಕೊಂಡ.

"ಚೆನ್ನಾಗೈತೆ. ಇದನ್ನ ಮನು ಕೈಗೆ ಕೊಡು. ನೀನು ಕೋರಸ್‌ಗೆ ಹೋಗು."

"ಗಿಟಾರು ಯಾರದು ನೆಟ್ಟಗೈತೋ ಅವ್ರು ಅಂದಿದ್ರಿ."

"ಅಂದಿದ್ದೆ. ಗಿಟಾರು ನೆಟ್ಟಗೈತೆ ಅಂತಾನೇ ಹೇಳ್ತಾ ಇರೋದು. ನುಡ್ಸೋನು ಮನು. ಯಜಮಾನ ನಾನು. ಕೊಡಮ್ಮಿ, ಟೈಮಾಯ್ತದೆ."

ಮನು ನೆಲ ನೋಡಿದ. ಅವನ ಕೈ ಮುಂದೆ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಕೆಂಪರಾಜು ಗಿಟಾರಿನ ತಲೆಗೆ ಕೈ ಹಾಕಿದ. ಅವನ ಹೆಬ್ಬೆರಳು ಕೆಂಪು ಕಿವಿಯ ಮೇಲೆ ಬಿತ್ತು.

ನಯನಾ ಗಿಟಾರಿನ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡಳು. ಅವನ ಹೆಬ್ಬೆರಳನ್ನು ತಿರುಪಿನಿಂದ ಎತ್ತಿ ಪಕ್ಕಕ್ಕಿಟ್ಟಳು, ತೂಕದ ಯಂತ್ರದಿಂದ ಒಂದು ಚೂರು ಇಳಿಸುವ ಹಾಗೆ. ದಪ್ಪ ತಂತಿಯನ್ನು ಇನ್ನೊಮ್ಮೆ ಮೀಟಿ ಶ್ರುತಿ ನೋಡಿದಳು. ಇತ್ತು.

"ಕೊಡಕಿಲ್ಲ" ಅಂದಳು.