ಎಪ್ಪತ್ತೆರಡನೆಯ ತಟ್ಟೆ

ಅಕ್ಕನ ಡೈರಿಯಲ್ಲಿ ಹಾಲಿನಿಂದ ಕೆನೆ ಬೇರೆ ಮಾಡುವ ಯಂತ್ರದ ರಿಪೇರಿ ನನ್ನದು, ತೊಳೆದು ಜೋಡಿಸುವುದು ಸೋದರತ್ತೆಯದು. ಗಿರಗಿರ ತಿರುಗುವ ಅದರ ಬಟ್ಟಲಿನೊಳಗೆ ಎಪ್ಪತ್ತೆರಡು ತೆಳು ಉಕ್ಕಿನ ತಟ್ಟೆಗಳು ಒಂದರ ಮೇಲೊಂದು ಕೂತಿರುತ್ತವೆ. ಅತ್ತೆ ಇಪ್ಪತ್ತು ವರ್ಷದಿಂದ ಅವನ್ನು ಎಣಿಸಿ ಜೋಡಿಸುತ್ತಿದ್ದಾಳೆ. ಆಮೇಲೆ ಯಂತ್ರ ಓಡಿಸಿ ಅದರ ನೆತ್ತಿಯ ಮೇಲೆ ತುಂಬಿದ ನೀರಿನ ಲೋಟ ಇಡುತ್ತಾಳೆ. ನೀರು ತುಳುಕದಿದ್ದರೆ ಹಾಲು ಬಿಡಬಹುದು. ಅಕ್ಕನಿಗೆ ನಡುಕ ಅಳೆಯುವ ನನ್ನ ಮೀಟರಿಗಿಂತ ಆ ಲೋಟದ ಮೇಲೇ ನಂಬಿಕೆ, ನನಗೋ ಅದರ ಮೇಲೆ ಹೊಟ್ಟೆಕಿಚ್ಚು.

ನಿನ್ನೆ ಅತ್ತೆ ರಜೆ, ತಟ್ಟೆ ತೊಳೆದಿಟ್ಟವನು ನಾನು. ಇವತ್ತು ಜೋಡಿಸುತ್ತ ಅವಳು, ಒಂದು ಕಡಿಮೆ ಇದೆ, ಸಡಿಲ ಕೂತಿವೆ ಎಂದಳು. ಎಣಿಕೆ ತಪ್ಪಿರಬೇಕು, ಮುಚ್ಚು ಎಂದೆ. ಯಂತ್ರ ವೇಗ ಹಿಡಿದು ಗಡಗಡ ನಡುಗಿ, ಅತ್ತೆ ಇಟ್ಟ ಲೋಟವನ್ನು ನೆಲಕ್ಕೆ ಕೆಡವಿತು.

ಬೋಲ್ಟ್ ಬಿಗಿ ಮಾಡಿದೆ, ಅಡಿಯ ರಬ್ಬರ್ ಬದಲಿಸಿದೆ. ಊಹುಂ. ತಟ್ಟೆ ಎಣಿಸುವ ಗೋಜಿಗೆ ಮಾತ್ರ ಹೋಗಲಿಲ್ಲ. ಅತ್ತೆಗೆ ಕಣ್ಣು ಮಂಜಾಗಿದೆ, ಜೋಡಣೆ ಬೇರೆಯವರಿಗೆ ಕೊಡು ಎಂದು ಅಕ್ಕನಿಗೆ ಹೇಳಿದೆ. ಅಕ್ಕ ಒಲ್ಲದ ಮನಸ್ಸಿನಿಂದ ಅತ್ತೆಗೆ, ನಾಳೆಯಿಂದ ಪ್ಯಾಕಿಂಗ್ ನೋಡಿಕೋ ಎಂದಳು. ಅತ್ತೆ ಕೈ ಒರೆಸಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಳು.

ಸ್ಪ್ಯಾನರ್ ಹುಡುಕಲು ಚೀಲಕ್ಕೆ ಕೈ ಹಾಕಿದೆ. ಕಾಗದದಲ್ಲಿ ಸುತ್ತಿದ ತಟ್ಟೆ ಸಿಕ್ಕಿತು. ನಿನ್ನೆ ಅಂಚು ಸೊಟ್ಟಗಿದೆಯೆಂದು ನಾನೇ ನೇರ ಮಾಡಿ ಇಟ್ಟು ಮರೆತದ್ದು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು. ಸದ್ದಿಲ್ಲದೆ ಸೇರಿಸಿ, ತಪ್ಪನ್ನು ಬೇರಿಂಗಿನ ತಲೆಗೆ ಕಟ್ಟಿದರೆ ಯಾರಿಗೂ ತಿಳಿಯದು. ಆದರೆ ಅತ್ತೆ ಸ್ಟೂಲಿನ ಮೇಲೆ ಖಾಲಿ ಲೋಟ ಹಿಡಿದು ಕೂತಿದ್ದಳು.

ಅಕ್ಕನ ಎದುರೇ ತಟ್ಟೆಯನ್ನು ಅತ್ತೆಯ ಕೈಗೆ ಕೊಟ್ಟೆ. "ನನ್ ಚೀಲದಲ್ಲೇ ಇತ್ತು ಅತ್ತೆ. ನಿನ್ ಲೆಕ್ಕ ಸರಿ, ತಪ್ಪು ನಂದು."

ಅವಳು ಅಂಚಿನ ಸುತ್ತ ಹೆಬ್ಬೆರಳು ಆಡಿಸಿ, ನೇರ ಮಾಡಿದ್ದೇನೋ ಚೆನ್ನಾಗಿದೆ ಎಂದಳು. ಎಪ್ಪತ್ತೆರಡನ್ನೂ ನನ್ನಿಂದಲೇ ಗಟ್ಟಿಯಾಗಿ ಎಣಿಕೆ ಮಾಡಿಸಿ ಜೋಡಿಸಿದಳು. ಅಕ್ಕ ನಗುತ್ತ, ಪ್ಯಾಕಿಂಗಿಗೆ ಇವನನ್ನೇ ಕಳಿಸೋಣ ಎಂದಳು.

ಯಂತ್ರ ಓಡತೊಡಗಿತು. ಅತ್ತೆ ಲೋಟ ತುಂಬಿ ಮೊದಲ ಸಲ ನನ್ನ ಕೈಗಿತ್ತಳು. ಇಡುವಷ್ಟರಲ್ಲಿ ನಾಲ್ಕು ಹನಿ ತುಳುಕಿತು. ಯಂತ್ರ ನಿಲ್ಲಿಸಲು ಸ್ವಿಚ್ಚಿನತ್ತ ಓಡಿದೆ.

"ಹೆದರಬೇಡ ಕಣೋ," ಎಂದಳು ಅತ್ತೆ. "ನಡುಗ್ತಿರೋದು ನಿನ್ ಕೈ."